ಅಳತೆಗೆ ಹೊಲಿದ ಹೊದಿಕೆ

ಟೈಲರಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹಾಗಂತ ಅವಳ ಅಂಗಡಿಗೆ ಹೋಗದೆ ವಿಧಿಯೂ ಇರಲಿಲ್ಲ. ಪ್ಯಾಂಟಿನ ಸೊಂಟ ಬಿಗಿಯಾಗಿದೆ ಎಂದು ಯಾರಾದರೂ ಹೋದರೆ, "ಪ್ಯಾಂಟು ಬಿಗಿಯಾಗಲ್ಲ ಸ್ವಾಮಿ, ನೀವು ಊದಿದ್ದೀರಿ" ಎಂದು ನಾಲ್ಕು ಜನರೆದುರು ಮಾನ ಕಳೆದು, ಆಮೇಲೆ ಕೂತಲ್ಲೇ ಬಿಚ್ಚಿ ಸಡಿಲಿಸಿ ಕೊಡುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಮಿಷನ್, ಗೋಡೆಗೆ ಒತ್ತಿಕೊಂಡು ಇಸ್ತ್ರಿ ಮೇಜು, ಮೊಳೆಗೆ ತೂಗುಬಿದ್ದ ಟೇಪು, ನೆಲದ ತುಂಬ ಚಿಂದಿ. ಬಟ್ಟೆಯ ವಿಷಯದಲ್ಲಿ ಅವಳದು ಒಂದೇ ಹಟ. ಅದು ಮೈಗೆ ಕೂರಬೇಕು. ದೊಗಳೆ ಬಟ್ಟೆ ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಭಾನುವಾರ ಮಿಷನ್ನಿಗೆ ಮುಸುಕು ಹಾಕಿ, ಲುಥೆರನ್ ಚರ್ಚಿನ ಗೋಡೆ ಪಕ್ಕದ ಬೆಂಚಿನಲ್ಲಿ ಗಂಡನ ಜೊತೆ ಹೋಗಿ ಕೂರುವಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಮಾತು ಖರ್ಚಾದರೆ ಮತ್ತೆ ಸಿಗುವುದಿಲ್ಲ ಎನ್ನುವ ಹಾಗೆ ಬದುಕಿದವನು. ಆ ಬೆಂಚಿನಲ್ಲಿ ಕೂತು ಅವಳು ಚಿಕ್ಕಂದಿನಿಂದ ಕೇಳಿದ್ದು ಒಂದೇ ಮಾತು. ಮನುಷ್ಯ ಪಾರಾಗುವುದು ತಾನು ಮಾಡಿದ ಪುಣ್ಯದಿಂದಲ್ಲ, ದೇವರ ಕೃಪೆಯಿಂದ ಮಾತ್ರ. ಅದು ಬಿಟ್ಟಿಯಾಗಿ ಸಿಗುವಂಥದ್ದು, ಯಾರೂ ದುಡಿದು ಸಂಪಾದಿಸಲಾರರು. ಅವಳೂ ತಲೆಯಾಡಿಸಿದ್ದೇ ಆಡಿಸಿದ್ದು. ಕೇಳುವುದಕ್ಕೇನು, ಕಿವಿಗೆ ಇಂಪಾಗಿಯೇ ಇರುತ್ತದೆ. ಆ ಬಿಟ್ಟಿ ಮಾಲು ಬೇರೆಯವರ ಕೈಗೆ, ಅದೂ ನಮಗೆ ಕಂಡರಾಗದವರ ಕೈಗೆ ಬಿದ್ದಾಗ ಅಲ್ಲವೇ ಗೊತ್ತಾಗುವುದು!

ಕಂಡರಾಗದವನು ಅವಳ ಸ್ವಂತ ಮೈದುನ. ಎತ್ತರ ಎಂದರೆ ಎತ್ತರ. ಮನೆಯ ಪ್ರತಿಯೊಂದು ಬಾಗಿಲಿಗೂ ಅವನ ಹಣೆಯ ಪರಿಚಯವಿತ್ತು. ಅದಕ್ಕೇ ಒಂಟೆ ಎಂಬ ಹೆಸರು. ದುಡಿಮೆ ಇಲ್ಲ, ಕುಡಿತ ಉಂಟು. "ಹಾಸಿಗೆ ಇದ್ದಷ್ಟು ಕಾಲು ಚಾಚೋ" ಎಂದು ಅತ್ತೆ ದಿನಾ ಬೆಳಿಗ್ಗೆ ಅವನಿಗೆ ಹೇಳುವರು. ಅವನು ನಗುತ್ತಾ ಇನ್ನೊಂದು ಮೊಳ ಚಾಚುವನು. ಟೈಲರಕ್ಕ ಹೊಸ ಸೊಸೆಯಾಗಿ ಬರುವಾಗ ತವರಿನಿಂದ ಒಂದು ಹೊಲಿಗೆ ಮಿಷನ್ ತಂದಿದ್ದಳು. ಅಪ್ಪ ಬಿಸಿಲಿನಲ್ಲಿ ಗಾರೆ ಕೆಲಸ ಮಾಡಿ ಕೊಡಿಸಿದ್ದು. ಮದುವೆಯಾದ ವರ್ಷವೇ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮಿಷನ್ನೂ ಇಲ್ಲ, ಮೈದುನನೂ ಇಲ್ಲ. ಮಿಷನ್ ಇದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಮಾರಿ ಕುಡಿದ ಎಂದು ಜನ ಹೇಳಿದರು. ಇನ್ನೊಂದು ಮಿಷನ್ ಬರುವವರೆಗೆ ಅವಳು ಬೀದಿಯವರ ಬಟ್ಟೆಯನ್ನೆಲ್ಲ ಕೈಯಲ್ಲೇ ಹೊಲಿದಳು. ಬೆರಳ ತುದಿ ಜರಡಿಯಾಯಿತು. ಅವನು ಮಾತ್ರ ತಿರುಗಿ ನೋಡಲಿಲ್ಲ.

ಆ ಮಿಷನ್ನಿಲ್ಲದ ವರ್ಷದಲ್ಲೇ ಅತ್ತೆ ಚರ್ಚಿಗಾಗಿ ಒಂದು ಬಿಳಿ ಹೊದಿಕೆಯನ್ನು ಕೈಯಲ್ಲಿ ಹೊಲಿದು ಕೊಟ್ಟಿದ್ದರು. ಆ ಚರ್ಚಿನ ಸಭೆಯ ಪದ್ಧತಿ ಹಾಗೆ. ಸತ್ತವರ ಪೆಟ್ಟಿಗೆಯ ಮೇಲೆ ಹೂವಿನ ರಾಶಿ ಇಲ್ಲ, ಪಟ ಇಲ್ಲ, ಬಿರುದು ಬಾವಲಿ ಇಲ್ಲ. ದೀಕ್ಷಾಸ್ನಾನದ ದಿನ ಕೃಪೆಯ ಗುರುತಾಗಿ ಮಗುವಿಗೆ ತೊಡಿಸಿದ ಬಿಳಿ ಅಂಗಿಯ ನೆನಪಿಗೆ ಒಂದೇ ಒಂದು ಬಿಳಿ ಹೊದಿಕೆ. ಡಾಕ್ಟರಿಗೂ ಅದೇ, ಕಸ ಗುಡಿಸುವವನಿಗೂ ಅದೇ. ಪೆಟ್ಟಿಗೆ ಮಣ್ಣಿಗೆ ಇಳಿಯುವ ಮುಂಚೆ ಅದನ್ನು ಮಡಿಸಿ ತರುತ್ತಾರೆ; ಒಗೆಯುವ ಕೆಲಸ ಟೈಲರಕ್ಕನದು. ಆದರೆ ಅತ್ತೆ ಅದನ್ನು ಅದೆಷ್ಟು ದೊಗಳೆಯಾಗಿ ಹೊಲಿದಿದ್ದರೆಂದರೆ, ಎಂಥ ಪೆಟ್ಟಿಗೆಗೆ ಹೊದಿಸಿದರೂ ಅಂಚು ನೆಲ ಗುಡಿಸುತ್ತಿತ್ತು. ಪ್ರತಿ ಸಾರಿಯೂ ಕೆಸರು, ಪ್ರತಿ ಸಾರಿಯೂ ಇವಳ ರಟ್ಟೆಗೆ ಕೆಲಸ.

"ಯಾಕತ್ತೆ ಇಷ್ಟು ದೊಗಳೆ? ಆನೆಗೆ ಹೊದಿಸಬೇಕಿತ್ತಾ?" ಎಂದು ಅವಳು ಸೋಪು ತಿಕ್ಕುತ್ತಾ ಕೇಳಿದರೆ, ಅತ್ತೆ ತಲೆ ಎತ್ತದೆ, "ಇರಲಿ ಬಿಡಮ್ಮ, ಯಾರ್ಯಾರು ಬರ್ತಾರೋ" ಎನ್ನುವರು. ಅದು ಉತ್ತರವೇ? ಅವಳು ಇನ್ನಷ್ಟು ಜೋರಾಗಿ ತಿಕ್ಕುವಳು.

ಅತ್ತೆ ತೀರಿಕೊಂಡ ದಿನ ಮಳೆ. ಹೊದಿಕೆಯ ಅಂಚಿಗೆ ಹಿಡಿದ ಕೆಂಪು ಮಣ್ಣು ಎಷ್ಟು ಕುದಿಸಿದರೂ ಬಿಡಲಿಲ್ಲ. ಒಂಟೆ ತಾಯಿಯ ಮಣ್ಣಿಗೂ ಬರಲಿಲ್ಲ. ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಟೈಲರಕ್ಕ ಸಭೆಯ ಹಿರಿಯರಿಗೆ, "ಹೊಸದು ನಾನು ಹೊಲಿತೀನಿ, ಈ ಸಾರಿ ಅಳತೆಗೆ ಸರಿಯಾಗಿ" ಎಂದಳು. ಹಳೆಯದನ್ನು ನಾಲ್ಕು ಮಡಿಕೆ ಮಾಡಿ ಇಸ್ತ್ರಿ ಮೇಜಿನ ಮೇಲೆ ಹಾಸಿ, ಅಂಚಿಗೆ ಮೊಳೆ ಹೊಡೆದಳು.

ಹೊಸದನ್ನು ಹೊಲಿದಳು ನೋಡಿ! ಪೆಟ್ಟಿಗೆ ಮಾಡುವ ಬಡಗಿಯ ಹತ್ತಿರ ಹೋಗಿ ಸಾಧಾರಣ ಪೆಟ್ಟಿಗೆಗೆ ಟೇಪು ಹಿಡಿದಳು. ಅಂಚು ಸುತ್ತಲೂ ಗೇಣಿನಷ್ಟು ಇಳಿಯಬೇಕು, ನೆಲ ಮುಟ್ಟಕೂಡದು. ಬಟ್ಟೆಯನ್ನು ಹಾಗೆ ಕತ್ತರಿಸಿ, ನಡುವೆ ಚಿನ್ನದ ಬಣ್ಣದ ದಾರದಲ್ಲಿ ಶಿಲುಬೆ ಕಸೂತಿ ಮಾಡಿದಳು. ಒಂದು ದಾರ ಸಡಿಲವಿರಲಿಲ್ಲ, ಒಂದು ಮಡಿಕೆ ಸೊಟ್ಟಗಿರಲಿಲ್ಲ. ಮೊದಲ ಸಲ ಅದು ಯಾರ ಮೇಲೆ ಬರಬೇಕು ಎಂಬುದನ್ನೂ ತೀರ್ಮಾನಿಸಿಬಿಟ್ಟಿದ್ದಳು. ಅದು ಪ್ರಾರ್ಥನೆ ಅಜ್ಜಿಗೆ. ಅಜ್ಜಿ ಅತ್ತೆಯ ಗೆಳತಿ, ಚರ್ಚಿನ ಹಿಂದಿನ ಒಂಟಿ ಕೋಣೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದವರು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಎಲ್ಲರ ಹೆಸರನ್ನೂ ದಿನಾ ದೇವರ ಮುಂದೆ ಇಟ್ಟವರು.

"ಅಜ್ಜಿ, ನಿಮಗೆ ಅಂತಾನೇ ಹೊಲಿತಿದ್ದೀನಿ. ಅಂಥ ಬಟ್ಟೆಗೆ ಅಂಥ ಜನ ಬೇಕು."

"ಹಾಗಾದ್ರೆ ಬೇಗ ಮುಗಿಸು ಅನ್ನಲೋ, ನಿಧಾನಕ್ಕೆ ಮಾಡು ಅನ್ನಲೋ?" ಎಂದು ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಿದ್ದರು.

ಮನುಷ್ಯ ಒಂದು ಬಗೆದರೆ ದೈವ ಇನ್ನೊಂದು ಬಗೆಯುತ್ತದೆ. ಹೊದಿಕೆಗೆ ಕಡೆಯ ಹೊಲಿಗೆ ಬಿದ್ದ ವಾರವೇ ಬಾಗಿಲು ತಟ್ಟಿದ ಸದ್ದಾಯಿತು. ಗಂಡ ತೆಗೆದ. ಹೊರಗೆ ಒಂಟೆ ನಿಂತಿದ್ದ. ಕಣ್ಣು ಅರಿಶಿನ, ಹೊಟ್ಟೆ ಗುಡಾಣ, ಕಾಲು ಕಡ್ಡಿ. ಒಳಗೆ ಬರುವಾಗ ಹಳೆಯ ಅಭ್ಯಾಸದಂತೆ ಬಾಗಿಲಿಗೆ ಹಣೆ ಬಡಿಯಿತು.

"ಬಂದೆಯಾ? ಮಾರೋಕೆ ಇನ್ನೇನು ಉಳಿದಿದೆ ಅಂತ ಬಂದೆ?" ಎಂದಳು ಟೈಲರಕ್ಕ. ಅವನು ಗೋಡೆ ಹಿಡಿದು ಕುಸಿದು ಕೂತ. ಬೈದುಕೊಂಡೇ ಚಾಪೆ ಹಾಸಿದಳು. ಬೈದುಕೊಂಡೇ ನೀರು ಕುಡಿಸಿದಳು.

ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಅದೇ ಪಾಡು. ಮೈ ಒರೆಸುವುದು, ವಾಂತಿ ಬಳಿಯುವುದು, ಬಟ್ಟೆ ಬದಲಿಸುವುದು. ನಡುನಡುವೆ ಬೀದಿಯ ಮಕ್ಕಳ ಶಾಲೆಯ ಸಮವಸ್ತ್ರ ಹೊಲಿಯುವುದು. ಅವಳು ಕಾದಿದ್ದು ಒಂದೇ ಮಾತಿಗೆ. 'ಅತ್ತಿಗೆ, ನಿಮ್ಮ ಮಿಷನ್ ನಾನು ತಗೊಂಡು ಹೋದೆ, ತಪ್ಪಾಯ್ತು' ಎಂದರೆ ಸಾಕಿತ್ತು. ಅವನ ಬಾಯಿಂದ ಬಂದದ್ದು, "ಅತ್ತಿಗೆ, ಚಹಾಕ್ಕೆ ಸಕ್ಕರೆ ಕಮ್ಮಿ." ಹೇಗಿದೆ ನೋಡಿ!

ಒಂದು ದಿನ ಸಭೆಯ ಪಾದ್ರಿ ಅಯ್ಯನವರು ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸದ ಪಾತ್ರೆ ಹಿಡಿದು ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಟೈಲರಕ್ಕನ ಬಾಯಿಗೆ ಅವರೂ ಸ್ವಲ್ಪ ಹೆದರುತ್ತಿದ್ದರು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಈಗಲಾದರೂ ಮಿಷನ್ನಿನ ಮಾತು ಬಂದೀತು.

"ಅಯ್ಯನವರೇ, ನಾನು ಯಾವುದಕ್ಕೂ ಬಾರದವನು," ಎಂದ ಒಂಟೆ. "ಮಾಡಿದ್ದು ಒಂದಾ ಎರಡಾ? ದೇವರಿಗೆ ತೋರಿಸೋಕೆ ನನ್ನ ಕೈಲಿ ಏನೂ ಇಲ್ಲ. ಖಾಲಿ."

"ಖಾಲಿ ಕೈಯಲ್ಲೇ ಇದನ್ನ ಹಿಡಿಯೋದು," ಎಂದರು ಅಯ್ಯನವರು. ಅವನ ತಲೆಯ ಮೇಲೆ ಕೈಯಿಟ್ಟು, ಯೇಸುವಿನ ಹೆಸರಲ್ಲಿ ನಿನ್ನ ಪಾಪವೆಲ್ಲ ಕ್ಷಮಿಸಲ್ಪಟ್ಟಿದೆ ಎಂದು ಹೇಳಿ, ರೊಟ್ಟಿ ಕೊಟ್ಟರು, ಪಾತ್ರೆಯಿಂದ ಕುಡಿಸಿದರು.

ಎಲ್ಲ! ಆ ಎಲ್ಲದರೊಳಗೆ ಅವಳ ಮಿಷನ್ನೂ ಸೇರಿತ್ತು. ಅವಳನ್ನು ಒಂದು ಮಾತು ಕೇಳಿದವರುಂಟೇ? ಅಯ್ಯನವರು ಚಪ್ಪಲಿ ಮೆಟ್ಟುವುದರೊಳಗೆ ಟೈಲರಕ್ಕ ಗೇಟಿಗೆ ಅಡ್ಡ ನಿಂತಿದ್ದಳು.

"ಇದ್ಯಾವ ನ್ಯಾಯ ಅಯ್ಯನವರೇ? ಅವನು ಹಾಯಾಗಿ ಕುಡಿದು ಬಿದ್ದಿದ್ದ. ನಾನು ಮೈ ಮುರಿದು ದುಡಿದೆ, ಅವನ ತಾಯಿಯನ್ನ ನೋಡ್ಕೊಂಡೆ, ಈಗ ಅವನ ಹೇಲು ಉಚ್ಚೆ ಬಾಚ್ತಿದ್ದೀನಿ. ಕೊನೆಗೆ ಇಬ್ಬರಿಗೂ ಒಂದೇ ತುಂಡು ರೊಟ್ಟಿ?"

"ಒಂದೇ ತುಂಡು ಅಕ್ಕ."

"ಹಾಗಾದ್ರೆ ನಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ!"

"ಯಾಕೆ ಹಾಗಂತೀರಿ? ಮಕ್ಕಳು ನೀವು ಹೊಲಿದ ಬಟ್ಟೆ ಹಾಕ್ಕೊಂಡು ಶಾಲೆಗೆ ಹೋದರು. ನಿಮ್ಮತ್ತೆ ಚೊಕ್ಕಟವಾದ ಹಾಸಿಗೆ ಮೇಲೆ ಕಣ್ಣು ಮುಚ್ಚಿದರು. ದುಡಿಮೆ ಅವರಿಗೆ ತಲುಪಿತಲ್ಲ. ಮೇಲಿರೋನಿಗೆ ನಿಮ್ಮ ಹೊಲಿಗೆಯಿಂದ ಏನಾಗಬೇಕು? ಅವನಿಗೇನು ಅಂಗಿ ಇಲ್ಲವೇ?"

"ಸರಿ, ಅವರಿಗೆ ತಲುಪಿತು. ನನಗೇನು ಸಿಕ್ಕಿತು?"

ಅಯ್ಯನವರು, "ಅವನಿಗೆ ಸಿಕ್ಕಿದ್ದೇ ಅಕ್ಕ," ಎಂದರು. ಅವಳು ಗೇಟನ್ನು ದಢಾರನೆ ಹಾಕಿದ ರಭಸಕ್ಕೆ ಚಿಲಕ ಕಳಚಿ ಬಿತ್ತು.

ಒಂಟೆ ಹೆಚ್ಚು ದಿನ ಉಳಿಯಲಿಲ್ಲ. ಒಂದು ಮುಂಜಾನೆ ಚಹಾ ಹಿಡಿದು ಹೋದಾಗ ಮೈ ತಣ್ಣಗಾಗಿತ್ತು. ಲೋಟ ಕೆಳಗಿಟ್ಟು ಅವಳು ಹೇಳಿದ ಮೊದಲ ಮಾತು, "ಹೇಳದೇ ಹೋದೆಯಲ್ಲೋ!" ಎಂದು. ಅದು ದುಃಖವೋ ಸಿಟ್ಟೋ, ಅವಳಿಗೇ ತಿಳಿಯಲಿಲ್ಲ. ಹೆಚ್ಚಿನ ಪಾಲು ಸಿಟ್ಟೇ.

ಹೊತ್ತೇರುವಷ್ಟರಲ್ಲಿ ಅಯ್ಯನವರು ಬಂದರು, ಸಭೆಯವರು ಬಂದರು, ಹೊದಿಕೆ ಕೇಳಿದರು. ಟೈಲರಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಹೊಸದು ಕೊಡಲ್ಲ. ಅದು ಪ್ರಾರ್ಥನೆ ಅಜ್ಜಿಗೆ ಅಂತ ಹೊಲಿದಿದ್ದು. ಇವನಿಗೆ ಹಳೆಯದು ಹಾಕಿ, ಧಾರಾಳ ಆಯ್ತು."

ಗಂಡ ಮೆಲ್ಲಗೆ, "ಹಳೆಯದರ ಮೇಲೆ ನೀನು ಇಸ್ತ್ರಿ ಹಾಕ್ತಿದ್ದೀಯಲ್ಲೇ," ಎಂದ.

ತಾನೇ ಮಡಿಸಿದ್ದು, ತಾನೇ ಮೊಳೆ ಹೊಡೆದದ್ದು. ಒಳಗೆ ಹೋಗಿ ಟ್ರಂಕಿನಿಂದ ಹೊಸ ಹೊದಿಕೆಯನ್ನು ತಂದು, ಅಯ್ಯನವರ ಕೈಗೆ ಕೊಡಲಿಲ್ಲ, ಕುಕ್ಕಿದಳು.

ಬಡಗಿ ಶವಪೆಟ್ಟಿಗೆ ಇಳಿಸಿ ಬೆವರು ಒರೆಸಿಕೊಂಡ. "ಹಲಗೆ ಸಾಲದೆ ಕಾಲಿನ ಕಡೆ ಇನ್ನೊಂದು ತುಂಡು ಜೋಡಿಸಿದೆ ಅಕ್ಕ, ಹತ್ತರಿ ಹೊಡೆದು ನಯ ಮಾಡೋಕೂ ಹೊತ್ತು ಸಿಗಲಿಲ್ಲ. ಅಂತೂ ಬೈಬಲ್ಲಿನಲ್ಲಿ ಹೇಳಿದ ಹಾಗೆ ಒಂಟೆ ಸೂಜಿ ಕಣ್ಣಲ್ಲಿ ನುಗ್ಗೇಬಿಟ್ಟಿತು ನೋಡಿ," ಎಂದ. ಅವಳು ನೋಡಿದ ನೋಟಕ್ಕೆ ಅವನು ಮೂಲೆಗೆ ಸರಿದ.

ಹೊದಿಕೆ ಹರಡಿದರು. ಕಾಲಿನ ಕಡೆ ಸಾಲಲಿಲ್ಲ. ಅಯ್ಯನವರು ಆ ಕಡೆಗೆ ಎಳೆದರು. ತಲೆಯ ಕಡೆ ಬರಿದಾಯಿತು. ತಲೆಯ ಕಡೆಗೆ ಎಳೆದರು. ಕಾಲಿನ ಕಡೆಯ ಒರಟು ಹಲಗೆ, ಮೊಳೆಯ ತಲೆಗಳ ಸಮೇತ, ಎಲ್ಲರ ಕಣ್ಣಿಗೆ ಹೊಡೆಯಿತು. ಕೋಣೆಯಲ್ಲಿ ಗುಸುಗುಸು ಎದ್ದಿತು. "ಅಳತೆ ತಪ್ಪಿತಲ್ಲ ಟೈಲರಕ್ಕ," ಎಂದು ಹಿಂದಿನಿಂದ ಯಾರೋ ಅಂದರು.

"ಅಳತೆ ತಪ್ಪಿಲ್ಲ!" ಎಂದು ಅವಳು ಕಿರುಚಿದಳು. "ಹೊದಿಕೆ ಸರಿಯಾಗಿದೆ. ಇವನೇ ಉದ್ದ!"

ಸಾವಿನ ಮನೆಯಲ್ಲೂ ನಾಲ್ಕೈದು ಜನ ನಕ್ಕರು. ಅಯ್ಯನವರು ಪರವಾಗಿಲ್ಲ, ಹೀಗೇ ಹೊರಡೋಣ ಎಂದರು. ಅಷ್ಟರಲ್ಲಿ ಗಂಡ ಎದ್ದು ಬಂದ. ತನ್ನ ಡಿಪೋದ ಕೋಟು ಕಳಚಿ, ಗ್ರೀಸಿನ ಕಲೆಯಿದ್ದ ಕಡೆಯನ್ನು ಒಳಗೆ ಮಾಡಿ, ತಮ್ಮನ ಕಾಲಿನ ಕಡೆಯ ಬರೀ ಹಲಗೆಯ ಮೇಲೆ ಹೊದಿಸಿದ. ಆಮೇಲೆ ಅಲ್ಲೇ ನೆಲಕ್ಕೆ ಕೂತು ಹಲಗೆಯ ಮೇಲೆ ಕೈಯಿಟ್ಟುಕೊಂಡ.

ಟೈಲರಕ್ಕ ಅದನ್ನು ನೋಡಿದಳು. ಇಷ್ಟು ವರ್ಷ ಅವಳು ತನ್ನ ಮಿಷನ್ನಿಗಾಗಿ ಕಾದಿದ್ದಳು. ಈ ಮನುಷ್ಯ ತಮ್ಮನಿಗಾಗಿ ಕಾದಿದ್ದ, ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ.

"ತೆಗೀರಿ ಆ ಕೋಟು!" ಎಂದು ಗದರಿ, ಹೊದಿಕೆಯನ್ನು ಸರಕ್ಕನೆ ಎಳೆದುಕೊಂಡು ಮುಂದಿನ ಕೋಣೆಗೆ ನುಗ್ಗಿದಳು. "ಯಾರೂ ಹೊರಡಬೇಡಿ. ಗಿಡ್ಡ ಹೊಲಿದಳು ಅಂತ ನಾಳೆ ಬೀದಿಯೆಲ್ಲ ಆಡಿಕೊಳ್ಳೋದು ಬೇಡ."

ಅದೇ ಬಿಳಿ ಬಟ್ಟೆ ಮನೆಯಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಅಳತೆಗೆ ಕತ್ತರಿಸಿದವಳು ಅವಳೇ ತಾನೆ! ಸುತ್ತ ನೋಡಿದಳು. ಇಸ್ತ್ರಿ ಮೇಜು ಕಂಡಿತು. ಮೊಳೆ ಕಿತ್ತು ಅತ್ತೆಯ ಹೊದಿಕೆಯನ್ನು ಬಿಡಿಸಿದಳು. ಮೇಲಿನ ಮಡಿಕೆಗಳೆಲ್ಲ ಸುಟ್ಟ ಗುರುತು. ಅಡಿಯ ಮಡಿಕೆಯ ಒಂದು ಪಟ್ಟಿ ಮಾತ್ರ ಗಟ್ಟಿಯಾಗಿತ್ತು. ಅದರ ಅಂಚಿನಲ್ಲೇ ಆ ಕೆಂಪು ಮಣ್ಣಿನ ಕಲೆ. ಕತ್ತರಿಸಿದಳು, ಹೊಸದಕ್ಕೆ ಜೋಡಿಸಿ ಮಿಷನ್ನಿಗೆ ಕೊಟ್ಟಳು, ಕಾಲು ತುಳಿಯಿತು. ಅಂಚಿನ ಮಡಿಕೆ ಬೆರಳಿಗೆ ಸಿಕ್ಕಾಗ ಅವಳ ಕಾಲು ನಿಂತಿತು. ಅತ್ತೆಯ ಕೈಹೊಲಿಗೆ, ಒತ್ತೊತ್ತಾಗಿ, ಸೊಟ್ಟಸೊಟ್ಟಗೆ. ಮಿಷನ್ ಕಳುವಾದ ವರ್ಷದ ಹೊಲಿಗೆ. ಮಗ ಎಲ್ಲಿ ಬಿದ್ದಿದ್ದಾನೋ ಎಂದು ಗೊತ್ತಿಲ್ಲದ ವರ್ಷದ ಹೊಲಿಗೆ.

ಯಾರ್ಯಾರು ಬರ್ತಾರೋ.

"ಅಯ್ಯೋ ಅತ್ತೆ," ಎಂದಳು ಟೈಲರಕ್ಕ ಗಟ್ಟಿಯಾಗಿ. "ನನ್ನ ಮಿಷನ್ ಕದ್ದವನ ಉದ್ದಕ್ಕೆ ಹೊಲಿದಿರಾ? ಅದನ್ನ ನನ್ನ ಕೈಲೇ ಇಷ್ಟು ವರ್ಷ ಒಗೆಸಿದಿರಾ?" ಹೊಟ್ಟೆ ಉರಿದು ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ, ಮತ್ತೆ ತುಳಿದಳು.

ಹೊದಿಸಿದರೆ ಈ ಸಲ ಸಾಕಾಗಿ ಮಿಕ್ಕಿತು. ಕಾಲಿನ ಕಡೆ ಹಳದಿಗೆ ತಿರುಗಿದ ತುಂಡು ನೆಲಕ್ಕೆ ಇಳಿಬಿತ್ತು. ಒಂಟೆ ಅದರಡಿಯಲ್ಲಿ ಮನೆಯಿಂದ ಚರ್ಚಿಗೆ, ಚರ್ಚಿನಿಂದ ಸಮಾಧಿಗೆ ಹೋದ. ಹೋಗುವಾಗ ಅಂಚು ಕೆಸರು ಗುಡಿಸಿತು. ಒಗೆಯುವವಳು ಹಿಂದೆಯೇ ನಡೆದಳು.

ಒಗೆದು ಒಣಗಿಸಿದ ಮೇಲೆ ಆ ತುಂಡು ಅವಳ ಕಣ್ಣು ಚುಚ್ಚತೊಡಗಿತು. ಹಾಲಿನಂಥ ಬಟ್ಟೆಗೆ ಇಸ್ತ್ರಿ ಮೇಜಿನ ಚಿಂದಿ! ಹೇಗೂ ಅವನು ಮಣ್ಣಾದ, ಇನ್ನು ಬಿಚ್ಚಿಬಿಡುವುದೇ ಸರಿ. ಅಜ್ಜಿಗೆ ಒಂದು ಮಾತು ಹೇಳಿ ಬರೋಣವೆಂದು ಹೋದಳು.

"ಕ್ಷಮಿಸಿ ಅಜ್ಜಿ. ನಿಮಗೆ ಅಂತ ಹೊಲಿದಿದ್ದನ್ನ ಆ ದರಿದ್ರದವನು ಮೊದಲು ಹೊದ್ದುಕೊಂಡುಬಿಟ್ಟ. ಆ ತುಂಡು ಬಿಚ್ಚಿ, ಕುದಿಸಿ, ಹೊಸದರ ಹಾಗೆ ಮಾಡಿಡ್ತೀನಿ."

ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದರು. "ನನಗೆ ಅಂತ ಹೊಲಿದೆಯಲ್ಲ, ಏನು ಅಳತೆ ಹಿಡಿದೆ?"

"ನಿಮಗೇನು ಅಳತೆ ಅಜ್ಜಿ! ಊರಿಗೆಲ್ಲ ಪ್ರಾರ್ಥನೆ ಮಾಡಿದ ಜೀವ."

"ಅದರಲ್ಲಿ ಅರ್ಧ ತೂಕಡಿಸಿದ್ದು. ಮಿಕ್ಕಿದ್ದರಲ್ಲಿ ಅರ್ಧ, ಪಕ್ಕದ ಮನೆಯವಳಿಗೆ ದೇವರು ಬುದ್ಧಿ ಕಲಿಸಲಿ ಅಂತ ಮಾಡಿದ್ದು. ಅವಳು ನನಗಿಂತ ಮುಂಚೆ ಸತ್ತಳು, ನನಗೆ ಖುಷಿಯಾಯ್ತು. ಅದನ್ನ ಯಾರಿಗೂ ಹೇಳಿಲ್ಲ." ಅಜ್ಜಿಯ ಕೈ ಹಾಸಿಗೆಯ ಮೇಲೆ ತಡಕಾಡಿ ಇವಳ ಕೈ ಹಿಡಿಯಿತು. "ಆ ತುಂಡು ಬಿಚ್ಚಬೇಡ ಕಣೇ. ಬಿಚ್ಚಿದರೆ ನನಗೂ ಸಾಲಲ್ಲ."

"ಏನಜ್ಜಿ, ನೀವು ಇರೋದೇ ಮುಷ್ಟಿಯಷ್ಟು!"

"ನೀನು ಅಳೆದಿದ್ದು ಮೈ," ಎಂದರು ಅಜ್ಜಿ. "ನಿನಗೆ ಮಾತ್ರ ಸಾಲುತ್ತೆ ಅಂತ ತಿಳಿದಿದ್ದೀಯಾ? ನಿನ್ನ ಬಾಯಿ ಒಂದಕ್ಕೇ ಒಂದು ಗಜ ಬೇಕು."

ಟೈಲರಕ್ಕ ಸಿಡಿಮಿಡಿಗುಟ್ಟುತ್ತಾ ಮನೆಗೆ ಬಂದಳು. ದಾರಿಯುದ್ದಕ್ಕೂ ಅಯ್ಯನವರನ್ನು, ಅಜ್ಜಿಯನ್ನು, ಸತ್ತ ಅತ್ತೆಯನ್ನು, ಯಾರನ್ನೂ ಬಿಡದೆ ಮನಸ್ಸಿನಲ್ಲೇ ಬೈದಳು. ಎಲ್ಲರೂ ಸೇರಿ ಒಂದೇ ಮಾತು ಹೇಳಿದರೆ ಮನುಷ್ಯ ಜಗಳವಾಡುವುದಾದರೂ ಯಾರ ಹತ್ತಿರ? ತಿಂಗಳುಗಟ್ಟಲೆ ಅವನಿಗೆ ಚಹಾ ಕೊಟ್ಟಿದ್ದಳು, ನಿಜ. ಬೇಕೆಂದೇ ಸಕ್ಕರೆ ಕಮ್ಮಿ ಹಾಕಿದ್ದಳು, ಅದೂ ನಿಜ. ದಿನಾ. ಅದನ್ನು ಅವಳೂ ಯಾರಿಗೂ ಹೇಳಿರಲಿಲ್ಲ.

ಬಿಚ್ಚಲೆಂದು ಬ್ಲೇಡು ಹಿಡಿದು ಮಿಷನ್ ಮುಂದೆ ಕೂತಳು. ಜೋಡಿಸಿದ ಜಾಗವನ್ನು ಬೆಳಕಿಗೆ ಹಿಡಿದಳು. ಅವಸರದ ಹೊಲಿಗೆ, ಅಲ್ಲಲ್ಲಿ ಸಡಿಲ. ಇನ್ನು ನಾಲ್ಕು ಸಾವು ಬಂದರೆ ಹರಿದುಬೀಳುವಂಥದ್ದು. ಥೂ, ಇಂಥ ಕೆಲಸ ತನ್ನ ಕೈಯಿಂದ ಬಂತೇ! ಕಡೆಗೆ ಬ್ಲೇಡನ್ನು ಡಬ್ಬಿಗೆ ಎಸೆದು, ಸೂಜಿಗೆ ಗಟ್ಟಿ ದಾರ ಪೋಣಿಸಿ, ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕುತ್ತಾ ಹೊರಟಳು.

"ಚಾಚ್ಕೋ," ಎಂದಳು, ಪಕ್ಕದ ಚಾಪೆಯಲ್ಲಿ ಅವನಿನ್ನೂ ಮಲಗಿದ್ದಾನೆ ಎನ್ನುವ ಹಾಗೆ. "ಎಷ್ಟು ಬೇಕೋ ಅಷ್ಟು ಚಾಚ್ಕೋ. ಆದರೆ ಒಂದು ತಿಳ್ಕೋ. ನಾನೂ ಅಲ್ಲಿಗೇ ಬರ್ತೀನಿ. ಬಂದ ತಕ್ಷಣ ಮೊದಲು ಕೇಳೋದು, ನನ್ನ ಮಿಷನ್ ಎಲ್ಲೋ ಅಂತ."